ಜೋಗಿಮಟ್ಟಿಗೆ ಒಂಬತ್ತು ಹಲ್ಲು

ಮೇಷ್ಟ್ರು ಅಂಗಡಿಗೆ ಬಂದಾಗ ಸೈಕಲ್ ತುಳಿದುಕೊಂಡು ಬಂದಿರಲಿಲ್ಲ, ತಳ್ಳಿಕೊಂಡು ಬಂದಿದ್ದರು. ಪಂಚರ್ ಇರಬೇಕು ಅಂದುಕೊಂಡು ಟೈರು ಒತ್ತಿ ನೋಡಿದೆ. ಎರಡೂ ಕಲ್ಲಿನ ಹಾಗಿದ್ದವು.

"ಇದನ್ನ ಮಾರಿಬಿಡೋದೋ, ಇಲ್ಲಾ ಏನಾದ್ರೂ ಮಾಡೋಕೆ ಬರುತ್ತೋ, ನೋಡಿ ಹೇಳಪ್ಪ" ಅಂದರು.

ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು ಇವರು. ಈಗ 56 ವರ್ಷ, ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಬೆಂಗಳೂರಿನಲ್ಲಿರುವ ಅಣ್ಣನ ಮಗ ತಾನು ಬಿಟ್ಟ ರೋಡ್ ಬೈಕನ್ನು ಚಿಕ್ಕಪ್ಪನಿಗೆ ಕೊಟ್ಟಿದ್ದ. ಹುಡುಗ ಇಪ್ಪತ್ತೈದರ ವಯಸ್ಸಿನಲ್ಲಿ ಸಪಾಟು ರಸ್ತೆಯಲ್ಲಿ ವೇಗಕ್ಕೆ ಅಂತ ಕಟ್ಟಿಸಿಕೊಂಡ ಸೈಕಲ್ ಅದು. ಮೇಷ್ಟ್ರು ಅದನ್ನು ಚಿತ್ರದುರ್ಗಕ್ಕೆ ತಂದು, ಬೆಳಿಗ್ಗೆ ಜೋಗಿಮಟ್ಟಿ ರಸ್ತೆಗೆ ಬಿಟ್ಟಿದ್ದಾರೆ. ಊರೊಳಗೆ ಚೆನ್ನಾಗೇ ಓಡುತ್ತದೆ. ಆಡುಮಲ್ಲೇಶ್ವರ ದಾಟಿ ಏರು ಬಿಗಿಯಾದ ಮೇಲೆ ಮೂರು ಕಡೆ ಇಳಿದು ತಳ್ಳಲೇಬೇಕು. ಮನೆಗೆ ಬಂದ ಮೇಲೆ ಮಂಡಿಚಿಪ್ಪಿನ ಸುತ್ತ ನೋವು, ಮರುದಿನ ಮೆಟ್ಟಿಲು ಇಳಿಯುವಾಗ ಇನ್ನೂ ಜಾಸ್ತಿ. ಡಾಕ್ಟರು ನೋಡಿ ಮೂಳೆಗೆ ಏನೂ ಆಗಿಲ್ಲ, ಭಾರ ಹಾಕಿ ತುಳಿಯೋದು ಕಡಿಮೆ ಮಾಡಿ ಅಂದರಂತೆ. ಮೇಷ್ಟ್ರು ಮಾತ್ರ ಎಲ್ಲವನ್ನೂ ವಯಸ್ಸಿನ ಖಾತೆಗೆ ಬರೆದುಕೊಂಡು ಬಂದಿದ್ದರು.

ನಾನು ಮೊದಲು ಮಾಡಿದ್ದು ಹಲ್ಲು ಎಣಿಸುವ ಕೆಲಸ. ಮುಂದಿನ ಎರಡು ಚೈನ್‌ವೀಲಿನಲ್ಲಿ 50 ಮತ್ತು 34. ಹಿಂದೆ ಒಂಬತ್ತು ಸ್ಪೀಡಿನ ಕ್ಯಾಸೆಟ್, ಅಂದರೆ ಒಂಬತ್ತು ಹಲ್ಲುಗಾಲಿಗಳ ಗೊಂಚಲು: 12, 13, 14, 15, 17, 19, 21, 23, 25. ಶಿಮಾನೊ ಕಂಪನಿಯ ಸೋರಾ ಅನ್ನುವ ಹಳೆಯ ಗೇರ್ ಸೆಟ್ಟು. ಚೈನನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಪಂಜರ, ಅಂದರೆ ಚೈನಿನ ಸಡಿಲು ಎಳೆದಿಡುವ ಚೌಕಟ್ಟು, ಗಿಡ್ಡ. ಅಂದರೆ ಈ ಸೈಕಲ್ಲಿನ ಅತಿ ಹಗುರ ಗೇರು 34ಕ್ಕೆ 25, ಮುಂದೆ 34 ಹಿಂದೆ 25. ಒಂದು ಸಲ ಪೆಡಲ್ ಪೂರ್ತಿ ಸುತ್ತಿದರೆ ಚಕ್ರ 1.36 ಸುತ್ತುತ್ತದೆ. 25 ಮಿ.ಮೀ. ಅಗಲದ ಟೈರು ಹಾಕಿದ ಈ ಚಕ್ರದ ಸುತ್ತಳತೆ 2.1 ಮೀಟರ್, ಹಾಗಾಗಿ ಒಂದು ತುಳಿತಕ್ಕೆ ಸುಮಾರು 2.86 ಮೀಟರ್ ದಾರಿ. ಇದಕ್ಕಿಂತ ಹಗುರ ಬೇಕೆಂದರೆ ಇಳಿದು ನಡೆಯುವುದೊಂದೇ ಗೇರು.

"ಸಾರ್, ಮುಂದಿನ ಸಲ ಹೋದಾಗ ಏರಿನಲ್ಲಿ ಒಂದು ನಿಮಿಷ ಬಲಮಂಡಿ ಎಷ್ಟು ಸಲ ಮೇಲೆ ಬರುತ್ತೆ ಎಣಿಸಿ" ಅಂದೆ. ಗಣಿತದ ಮೇಷ್ಟ್ರಿಗೆ ಎಣಿಸೋಕೆ ಹೇಳಿದರೆ ಕೇಳಬೇಕೆ! ಮೂರು ದಿನ, ಒಂದೇ ತಿರುವಿನ ಹತ್ತಿರ, ಮೂರು ಸಲ ಎಣಿಸಿ ಚೀಟಿ ತಂದರು. 47, 45, 46.

46 ಅಂದರೆ ಗಂಟೆಗೆ 7.9 ಕಿಲೋಮೀಟರ್. ವೇಗ ಕಡಿಮೆಯೆಂದು ನನಗೇನೂ ಅನ್ನಿಸಲಿಲ್ಲ, ಅಂಥ ಏರಿಗೆ ಅದು ಸಾಕಷ್ಟಾಯಿತು. ತಪ್ಪಿದ್ದದ್ದು ತುಳಿತದ ಲೆಕ್ಕದಲ್ಲಿ. ಸಪಾಟಿನಲ್ಲಿ ಅವರ ಕಾಲು ತಾನಾಗಿಯೇ ನಿಮಿಷಕ್ಕೆ ಎಪ್ಪತ್ತೈದರ ಆಸುಪಾಸು ತಿರುಗುತ್ತದೆ. ಏರಿನಲ್ಲಿ ಅದು 46ಕ್ಕೆ ಬಂದರೆ ಪ್ರತಿ ತುಳಿತವೂ ಮಂಡಿ ಮೇಲೆ ಕೂತು ಎದ್ದ ಹಾಗೆ.

ಹಾಗಂತ ಗೇರಿಗೆ ಕೈ ಹಾಕುವ ಮೊದಲು ಸೀಟು ನೋಡಿದೆ. ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಇವರದು ಬಾಗಿಯೇ ಇತ್ತು. ಎರಡು ಸೆಂಟಿಮೀಟರ್ ಏರಿಸಿ, ಬೇರೆ ಏನನ್ನೂ ಮುಟ್ಟದೆ ಒಂದು ವಾರ ಓಡಿಸಿ ಅಂದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ನಾಳೆ ಇಬ್ಬರೂ ತಲೆ ಕೆರೆದುಕೊಳ್ಳಬೇಕಾಗುತ್ತದೆ. ವಾರದ ನಂತರ ಅವರು ಹೇಳಿದ್ದು: ಊರೊಳಗೆ ತುಳಿದಾಗ ಬರುತ್ತಿದ್ದ ಸಣ್ಣ ನೋವು ಹೋಯಿತು, ಏರಿನ ನೋವು ಸ್ವಲ್ಪ ತಗ್ಗಿದೆ, ಇಳಿಯುವುದು ಮಾತ್ರ ಅದೇ ಮೂರು ಜಾಗದಲ್ಲಿ. ಎಣಿಕೆ ಮತ್ತೆ 46.

ಇನ್ನು ಗೇರಿನ ವಿಷಯ. ಅಂಗಡಿಯ ಮೇಜಿನ ಮೇಲೆ ಕುಳಿತು ನಾವಿಬ್ಬರೂ ಲೆಕ್ಕ ಹಾಕಿದೆವು. ಮೇಷ್ಟ್ರು 78 ಕೆ.ಜಿ., ಸೈಕಲ್ಲು, ನೀರಿನ ಬಾಟಲಿ, ಪಂಪು ಎಲ್ಲ ಸೇರಿ ಇನ್ನೊಂದು ಹನ್ನೆರಡು. ಒಟ್ಟು 90. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ ಎಂಟು ಕಿ.ಮೀ. ಹೋಗಬೇಕಾದರೆ ಸುಮಾರು 175 ವಾಟ್ ಶಕ್ತಿ ಬೇಕು. ಯಾವ ಗೇರು ಹಾಕಿದರೂ ಈ 175 ಒಂದಿಷ್ಟೂ ಇಳಿಯುವುದಿಲ್ಲ. ಗೇರು ಬದಲಾಯಿಸಿದರೆ ಬೆಟ್ಟ ಸಣ್ಣದಾಗುತ್ತದೆ ಅಂದುಕೊಂಡು ಬರುವವರಿಗೆ ನಾನು ಚಳ್ಳಕೆರೆ ಮಂಡಿಯ ಹಮಾಲಿಗಳನ್ನು ನೆನಪಿಸುತ್ತೇನೆ. ಶೇಂಗಾ ಚೀಲ ತುಂಬಿದ್ದನ್ನೇ ಒಂದು ಸಲ ಹೊತ್ತು ಹಾಕಬಹುದು, ಅರ್ಧರ್ಧ ಮಾಡಿ ಎರಡು ಸಲ ಓಡಾಡಬಹುದು. ಲಾರಿ ಮೇಲೆ ಬಿದ್ದ ಶೇಂಗಾ ಅಷ್ಟೇ. ಬೆನ್ನಿಗೆ ಕೇಳಿದರೆ ವ್ಯತ್ಯಾಸ ಹೇಳುತ್ತದೆ.

ಪೆಡಲ್ ಹಿಡಿದಿರುವ ತೋಳಿನ, ಅಂದರೆ ಕ್ರ್ಯಾಂಕಿನ ಉದ್ದ 170 ಮಿ.ಮೀ. 46 ಸುತ್ತಿನಲ್ಲಿ ಆ 175 ವಾಟ್ ಹುಟ್ಟಿಸಲು ಪೆಡಲ್ ಮೇಲೆ ಸರಾಸರಿ 21-22 ಕೆ.ಜಿ. ಭಾರ ಬೀಳಬೇಕು. ಅದು ಬರೀ ಸರಾಸರಿ, ಕಾಲು ಕೆಳಗೆ ಒತ್ತುವ ಗಳಿಗೆಯಲ್ಲಿ ಅದರ ಎರಡರಷ್ಟಾದರೂ ಆಗುತ್ತದೆ. ಅದೇ ವೇಗಕ್ಕೆ 62-63 ಸುತ್ತು ತುಳಿದರೆ ಸರಾಸರಿ 16ಕ್ಕೆ ಇಳಿಯುತ್ತದೆ. ಕಾಲು ಭಾಗದಷ್ಟು ಹೊರೆ ಮಂಡಿಯಿಂದ ಇಳಿದು ಉಸಿರಿನ ಮೇಲೆ ಹೋಗುತ್ತದೆ. "ಉಸಿರು ನಂದು ಗಟ್ಟಿ ಐತೆ ಬಿಡು, ಮೂವತ್ತು ವರ್ಷ ಕ್ಲಾಸಿನಲ್ಲಿ ಕೂಗಿದೀನಿ" ಅಂದರು ಮೇಷ್ಟ್ರು.

ಹಾಗಾದರೆ 62 ಸುತ್ತಿಗೆ ಯಾವ ಗೇರು? ನಿಮಿಷಕ್ಕೆ 132 ಮೀಟರ್ ದಾರಿಯನ್ನು 62ರಿಂದ ಭಾಗಿಸಿದರೆ ತುಳಿತಕ್ಕೆ 2.13 ಮೀಟರ್. ಚಕ್ರದ ಸುತ್ತಳತೆಯೇ ಹೆಚ್ಚುಕಮ್ಮಿ ಅಷ್ಟು. ಅಂದರೆ ಮುಂದೆ ಎಷ್ಟು ಹಲ್ಲೋ ಹಿಂದೆಯೂ ಅಷ್ಟೇ: 34ಕ್ಕೆ 34. ಉತ್ತರ ಹೀಗೆ ನೆಟ್ಟಗೆ ಬಂದದ್ದು ನೋಡಿ ಮೇಷ್ಟ್ರ ಮುಖ ಅರಳಿತು. ಇದೊಂದು ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಹಾಕಬಹುದು, ಆದರೆ ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ಲೆಕ್ಕ ಬಿಟ್ಟು ಸಾಮಾನಿನ ಹೆಸರು ಹಿಡಿದುಕೊಂಡು ಬರುತ್ತಾರೆ.

ಮುಂದಿನ ಚೈನ್‌ವೀಲನ್ನೇ ಚಿಕ್ಕದು ಮಾಡಬಾರದೇ ಅಂತ ಅವರು ಕೇಳಿದರು. ಅದು ಸರಿಯಾದ ಪ್ರಶ್ನೆ. ಇವರ ಕ್ರ್ಯಾಂಕಿಗೆ ಚೈನ್‌ವೀಲನ್ನು ಬಿಗಿಯುವ ಬೋಲ್ಟುಗಳು ಕೂರುವ ವೃತ್ತದ ಅಡ್ಡಳತೆ 110 ಮಿ.ಮೀ. ಅದಕ್ಕೆ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಚೈನ್‌ವೀಲೇ 34. (ಹಳೆಯ ರೇಸ್ ಸೈಕಲ್ಲುಗಳಲ್ಲಿ ಈ ವೃತ್ತ 130 ಇರುತ್ತದೆ, ಅಲ್ಲಿ 39ರ ಕೆಳಗೆ ಇಳಿಯುವುದೇ ಕಷ್ಟ. ಅಂಥ ಸೈಕಲ್ ಕೊಳ್ಳುವ ಮೊದಲು ಬೆಟ್ಟದ ಊರಿನವರು ಎರಡು ಸಲ ಯೋಚಿಸಬೇಕು.) 46-30ರ ಹೊಸ ಕ್ರ್ಯಾಂಕ್ ಸೆಟ್ಟು ತರಿಸಬಹುದು, ಮುಂದಿನ ಡಿರೇಲರನ್ನು ಇಳಿಸಿ ಕೂರಿಸಬಹುದು, ಹಳೆ ಸೈಕಲ್ಲಿಗೆ ಅದು ಮೂಗಿಗಿಂತ ಮೂಗುತಿ ಭಾರ. ಹಿಂದಿನ ಕ್ಯಾಸೆಟ್ ಬದಲಾಯಿಸುವುದೇ ದಾರಿ.

ಇಲ್ಲಿ ತಪ್ಪು ಮಾಡಿದವನು ನಾನು.

ಅಂಗಡಿಯಲ್ಲಿ 11-32ರ (ಚಿಕ್ಕ ಗಾಲಿಗೆ 11 ಹಲ್ಲು, ದೊಡ್ಡದಕ್ಕೆ 32) ಒಂದು ಒಂಬತ್ತು ಸ್ಪೀಡ್ ಕ್ಯಾಸೆಟ್ ಇತ್ತು. 34 ತರಿಸಬೇಕಾದರೆ ಬೆಂಗಳೂರಿನಿಂದ ಬರಬೇಕು, ಜೊತೆಗೆ ಉದ್ದ ಪಂಜರದ ಡಿರೇಲರೂ ಬೇಕು. ಆ ಕಾಲದ ಗಿಡ್ಡ ಪಂಜರದ ರೋಡ್ ಡಿರೇಲರುಗಳಿಗೆ ಹಿಂದಿನ ದೊಡ್ಡ ಹಲ್ಲಿನ ಗಡಿ ಸಾಮಾನ್ಯವಾಗಿ 27 ಅಥವಾ 28. ಆದರೂ ಡಿರೇಲರನ್ನು ಕ್ಯಾಸೆಟ್ಟಿನಿಂದ ದೂರ ಸರಿಸುವ ಬಿ-ಸ್ಕ್ರೂ ಪೂರ್ತಿ ಒಳಕ್ಕೆ ತಿರುಗಿಸಿ 30, 32 ಓಡಿಸುವವರು ಇದ್ದಾರೆ. ಮೇಷ್ಟ್ರ ಕೈಯಿಂದ ಸುಮ್ಮನೆ ದುಡ್ಡು ಬಿಡಿಸುವುದೇಕೆ, ಇದನ್ನೇ ಹಾಕಿ ನೋಡೋಣ ಅಂದುಕೊಂಡೆ. ಲಾಕ್‌ರಿಂಗ್ ಬಿಚ್ಚಿ ಹಳೆಯದು ತೆಗೆದು ಹೊಸದು ಕೂರಿಸಿದೆ. ಹಳೆಯ ಚೈನನ್ನೇ ಬಿಟ್ಟೆ. ಸ್ಟ್ಯಾಂಡ್ ಮೇಲೆ ಮುಂದೆ 34ರಲ್ಲಿಟ್ಟು ಹಿಂದೆ ಒಂಬತ್ತೂ ಗೇರು ತಿರುಗಿಸಿದೆ. 32ಕ್ಕೆ ಹತ್ತಿದಾಗ ಡಿರೇಲರಿನ ಮೇಲಿನ ಪುಟ್ಟ ಗಾಲಿ ಹಲ್ಲಿಗೆ ತಾಗಿ ಸಣ್ಣಗೆ ಕರಕರ ಅಂತಿತ್ತು. "ಎರಡು ದಿನ ಓಡಿದರೆ ಹೋಗುತ್ತೆ ಸಾರ್" ಅಂದೆ. ಆ ಮಾತು ಈಗಲೂ ನೆನಪಾದರೆ ನಾಚಿಕೆ.

ಮುಂದೆ 50, ಹಿಂದೆ 32, ಈ ಜೋಡಿಯನ್ನು ನಾನು ಪರೀಕ್ಷಿಸಲೇ ಇಲ್ಲ. ದೊಡ್ಡದಕ್ಕೆ ದೊಡ್ಡದು ಯಾರೂ ಹಾಕಬಾರದು, ಚೈನು ಓರೆಯಾಗುತ್ತದೆ, ನಿಜ. ಆದರೆ ಹಾಕಬಾರದ್ದು ಅಂದರೆ ಯಾರೂ ಹಾಕುವುದಿಲ್ಲ ಅಂತಲ್ಲ. ಮೇಷ್ಟ್ರು ಊರ ಸಪಾಟಿನಲ್ಲಿ 50ರಲ್ಲಿ ಬರುತ್ತಿದ್ದವರು ಏರು ಕಂಡ ತಕ್ಷಣ ಗಾಬರಿಯಲ್ಲಿ ಬಲಗೈ ಲಿವರನ್ನು ಒಳಕ್ಕೆ ತಳ್ಳುತ್ತಲೇ ಹೋದರು. ಚೈನು ಬಿಲ್ಲಿನ ಹೆದೆಯ ಹಾಗೆ ಬಿಗಿಯಿತು, ಡಿರೇಲರ್ ಮುಂದಕ್ಕೆ ಚಾಚಿ ನಿಂತಿತು, ಪೆಡಲ್ ಕಚ್ಚಿಕೊಂಡಿತು. ನಿಧಾನವಿದ್ದದ್ದಕ್ಕೆ ಬೀಳಲಿಲ್ಲ. ಡಿರೇಲರ್ ನೇತಾಡುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಎರಡನೇ ಸಲವೂ ತಳ್ಳಿಕೊಂಡೇ ಬಂದರು. ಬೈಯಲಿಲ್ಲ. "ಎಲ್ಲೋ ಒಂದು ಹೆಜ್ಜೆ ಬಿಟ್ಟಿದೀಯ, ಹುಡುಕು" ಅಂದರು, ಉತ್ತರ ಪತ್ರಿಕೆ ವಾಪಸ್ ಕೊಡುವಾಗ ಹೇಳುತ್ತಿದ್ದ ಹಾಗೆಯೇ.

ಬಿಟ್ಟ ಹೆಜ್ಜೆ ಚೈನಿನ ಉದ್ದದ್ದು. ಎಣಿಸಿದರೆ ಹಳೆಯ ಚೈನಿನಲ್ಲಿ 106 ಕೊಂಡಿ. ಒಂದು ಕೊಂಡಿ ಅರ್ಧ ಇಂಚು, ಒಟ್ಟು 53 ಇಂಚು. ಕ್ರ್ಯಾಂಕಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ 41 ಸೆಂ.ಮೀ., ಅಂದರೆ 16.14 ಇಂಚು. ಅದರ ಎರಡರಷ್ಟು, ಮುಂದಿನ ದೊಡ್ಡ ಗಾಲಿಯ ಹಲ್ಲೆಣಿಕೆಯ ಕಾಲು ಭಾಗ, ಹಿಂದಿನ ದೊಡ್ಡ ಗಾಲಿಯ ಹಲ್ಲೆಣಿಕೆಯ ಕಾಲು ಭಾಗ, ಮೇಲೊಂದು ಇಂಚು: ಇದು ಚೈನ್ ಅಳೆಯುವ ಹಳೆಯ ಸೂತ್ರ. 25 ಹಲ್ಲಿಗೆ 52 ಚಿಲ್ಲರೆ ಬರುತ್ತದೆ, 53 ಸರಿಹೋಗಿತ್ತು. 32 ಹಲ್ಲಿಗೆ 53.8 ಇಂಚು, 34ಕ್ಕೆ 54.3. ಕೊಂಡಿಗಳು ಜೋಡಿಯಾಗಿಯೇ ಸೇರಬೇಕು, ಒಂಟಿ ಕೊಂಡಿ ಜೋಡಿಸಲು ಬರುವುದಿಲ್ಲ, ಹಾಗಾಗಿ ಮೇಲಿನ ಪೂರ್ಣ ಇಂಚಿಗೆ ಹೋಗಬೇಕು. 34ಕ್ಕೆ 55 ಇಂಚು, 110 ಕೊಂಡಿ. ಸೂತ್ರ ಮರೆತರೂ ಅಡ್ಡಿಯಿಲ್ಲ: ಡಿರೇಲರಿನೊಳಗೆ ಹಾಯಿಸದೆ ಚೈನನ್ನು ದೊಡ್ಡದಕ್ಕೆ ದೊಡ್ಡದು ಸುತ್ತಿ, ಕೂಡುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿದರೆ ಅಷ್ಟೇ ಬರುತ್ತದೆ.

ಇನ್ನೊಂದು ಲೆಕ್ಕ ಪಂಜರದ್ದು. ಮುಂದಿನ ಎರಡರ ವ್ಯತ್ಯಾಸ 16, ಹಿಂದೆ 25ರಿಂದ 12 ಕಳೆದರೆ 13, ಒಟ್ಟು 29 ಹಲ್ಲಿನ ಸಡಿಲನ್ನು ಹಳೆಯ ಡಿರೇಲರ್ ಎಳೆದುಕೊಂಡು ಇರುತ್ತಿತ್ತು. 11-34 ಹಾಕಿದರೆ 16ಕ್ಕೆ 23 ಸೇರಿ 39. ಗಿಡ್ಡ ಪಂಜರಕ್ಕೆ ಅದು ಆಗದ ಕೆಲಸ. ಚೈನ್ ಉದ್ದ ಮಾಡಿದರೆ ಚಿಕ್ಕದಕ್ಕೆ ಚಿಕ್ಕದು ಹಾಕಿದಾಗ ಜೋತು ಬೀಳುತ್ತದೆ, ಗಿಡ್ಡ ಮಾಡಿದರೆ ಮೇಷ್ಟ್ರಿಗೆ ಆದದ್ದೇ ಆಗುತ್ತದೆ. ಕ್ಯಾಸೆಟ್, ಡಿರೇಲರ್, ಚೈನ್ ಈ ಮೂರನ್ನೂ ಒಂದೇ ಸಾಮಾನು ಅಂತ ತಿಳಿಯಬೇಕಾದದ್ದು ಇದಕ್ಕೇ.

ಉದ್ದ ಪಂಜರ ಎಲ್ಲಿಂದ ತರುವುದು? ರೋಡ್ ಬೈಕಿನದೇ ಆಗಬೇಕು ಅಂತಿಲ್ಲ. ಶಿಮಾನೊದ ಒಂಬತ್ತು ಸ್ಪೀಡಿನ ಮೌಂಟನ್ ಬೈಕ್ ಡಿರೇಲರುಗಳು ಮತ್ತು ಒಂಬತ್ತು ಸ್ಪೀಡಿನ ರೋಡ್ ಶಿಫ್ಟರುಗಳು ಕೇಬಲ್ ಎಳೆತದ ಲೆಕ್ಕದಲ್ಲಿ ಒಂದೇ ಜಾತಿ. ಲಿವರ್ ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೋ ಅದಕ್ಕೆ ಸರಿಯಾಗಿ ಡಿರೇಲರ್ ಒಂದು ಗೇರು ಸರಿಯುತ್ತದೆ. ಹಾಗಾಗಿ ಒಂಬತ್ತು ಸ್ಪೀಡಿನ ಆಲಿವಿಯೊ ಡಿರೇಲರ್ ತರಿಸಿದೆ. ದಾವಣಗೆರೆಯಲ್ಲಿರುವ ಪರಿಚಯದವರೊಬ್ಬರು ಹತ್ತು ಸ್ಪೀಡಿನ ಮೌಂಟನ್ ಡಿರೇಲರ್ ಇದೆ, ಅರ್ಧ ಬೆಲೆಗೆ ಕೊಡುತ್ತೇನೆ ಅಂದರು. ಒಲ್ಲೆ ಅಂದೆ. ಹತ್ತು ಸ್ಪೀಡಿಗೆ ಬಂದಾಗ ಮೌಂಟನ್ ಸಾಲಿನ ಎಳೆತದ ಲೆಕ್ಕವನ್ನೇ ಅವರು ಬದಲಾಯಿಸಿದರು. ಬೋಲ್ಟು ಕೂರುತ್ತದೆ, ನೋಡಲು ಹೊಸದಾಗಿ ಚಂದವಾಗಿರುತ್ತದೆ, ಗೇರು ಮಾತ್ರ ಒಂದೂ ಸರಿಯಾಗಿ ಬೀಳುವುದಿಲ್ಲ.

ಬಾಗಿದ ಹ್ಯಾಂಗರನ್ನು ನೆಟ್ಟಗೆ ಮಾಡಲು ನೋಡಿದೆ. ಅಲ್ಯೂಮಿನಿಯಂ ಒಂದು ಸಲ ಮಾತು ಕೇಳುತ್ತದೆ, ಎರಡನೇ ಸಲ ಮುರಿಯುತ್ತದೆ. ಅದೂ ಹೊಸದು ತರಿಸಿದೆ, ಅದರ ದುಡ್ಡು ನನ್ನದು. ಉಳಿದದ್ದೆಲ್ಲ, ಅಂದರೆ 11-34ರ ಕ್ಯಾಸೆಟ್, ಡಿರೇಲರ್, 116 ಕೊಂಡಿಯ ಚೈನು, ಒಳಕೇಬಲ್ ಸೇರಿ ಮೇಷ್ಟ್ರಿಗೆ ಐದೂವರೆ ಸಾವಿರದೊಳಗೆ ಆಯಿತು. ಕೆಲಸ ಒಂದೂವರೆ ಗಂಟೆಯದು. ಆರು ಕೊಂಡಿ ಕತ್ತರಿಸಿ 110 ಮಾಡಿದೆ, ಡಿರೇಲರ್ ಎರಡೂ ಬದಿಗೆ ಮಿತಿ ಮೀರದಂತೆ ಸ್ಕ್ರೂ ಕಟ್ಟಿದೆ, ಮೇಲಿನ ಗಾಲಿಗೂ 34ರ ಹಲ್ಲಿಗೂ ನಡುವೆ ಐದಾರು ಮಿ.ಮೀ. ಸಂದು ಬಿಟ್ಟೆ. ಈ ಸಲ ದೊಡ್ಡದಕ್ಕೆ ದೊಡ್ಡದು ಹಾಕಿ ಕೈಯಲ್ಲೇ ತಿರುಗಿಸಿದೆ. ಆಮೇಲೆ ಮೇಷ್ಟ್ರ ಕೈಗೆ ಪೆಡಲ್ ಕೊಟ್ಟು ಅವರಿಂದಲೂ ತಿರುಗಿಸಿದೆ.

ಚೈನಿಗೆ ಎಣ್ಣೆ ಬಿಡುವಾಗ ಅವರಿಗೆ ಒಂದು ಕಥೆ ಹೇಳಿದೆ, ಯಾಕೆಂದರೆ ಇಷ್ಟು ಹೊತ್ತಿಗೆ ಅವರ ಮುಖದಲ್ಲಿ ಸಣ್ಣದೊಂದು ಸಂಕೋಚ ಕಾಣುತ್ತಿತ್ತು. ಹಗುರ ಗೇರು ಅಂದರೆ ಸೋಲು ಒಪ್ಪಿಕೊಂಡ ಹಾಗೆ ಅನ್ನುವ ಭಾವನೆ ನಮ್ಮ ಹುಡುಗರಲ್ಲಿ ಬಹಳ ಇದೆ, ಅಣ್ಣನ ಮಗ ಫೋನಿನಲ್ಲಿ "ಚಿಕ್ಕಪ್ಪ, 34 ಅಂದ್ರೆ ತಟ್ಟೆ ಹಾಕ್ಕೊಂಡಂಗೆ" ಅಂತ ನಕ್ಕಿದ್ದನಂತೆ. ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆಂರಿ ದೆಗ್ರಾಂಜ್‌ಗೂ ಹಾಗೇ ಅನ್ನಿಸುತ್ತಿತ್ತು. ಗೇರು ಬದಲಾಯಿಸುವ ಸೈಕಲ್ಲೆಲ್ಲ 45 ದಾಟಿದವರಿಗೆ ಅಂತ ಅವರು 1902ರಲ್ಲೇ ಬರೆದಿದ್ದರು. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರವನ್ನೇ ಬಿಚ್ಚಿ, ತಿರುಗಿಸಿ, ಮತ್ತೊಂದು ಬದಿಯ ಹಲ್ಲಿಗೆ ಚೈನ್ ಹಾಕಿಕೊಳ್ಳುತ್ತಿದ್ದರು. ಈಗ ಅದೇ ಸ್ಪರ್ಧೆಯ ಸವಾರರು ಬೆಟ್ಟದ ದಿನ 30, 34ರ ಕ್ಯಾಸೆಟ್ ಹಾಕುತ್ತಾರೆ. "ನನಗಂತೂ 45 ದಾಟಿ ಹನ್ನೊಂದು ವರ್ಷ ಆಯ್ತು, ಆ ಮಹಾಶಯರ ಅನುಮತಿ ಇದ್ದೇ ಇದೆ" ಅಂದರು ಮೇಷ್ಟ್ರು.

ಭಾನುವಾರ ಬೆಳಿಗ್ಗೆ ನಾನೂ ಹಿಂದೆ ಬೈಕಿನಲ್ಲಿ ಹೋದೆ. ಅದೇ ತಿರುವು, ಅದೇ ಗಡಿಯಾರ. 61, 64, 62. ಮೂರು ಜಾಗದಲ್ಲಿ ಒಂದರಲ್ಲಿಯೂ ಇಳಿಯಲಿಲ್ಲ. ನಾಲ್ಕನೆಯ ಒಂದು ಜಾಗದಲ್ಲಿ ನಿಂತರು, ಅದು ನೀರು ಕುಡಿಯಲು. ಮೇಲೆ ತಲುಪಿದಾಗ ಬೆವರು ಮೊದಲಿಗಿಂತ ಜಾಸ್ತಿಯೇ ಇತ್ತು, ಉಸಿರು ದೊಡ್ಡದಾಗಿ ಬಿಡುತ್ತಿದ್ದರು, ಮಾತು ಮಾತ್ರ ನಿಂತಿರಲಿಲ್ಲ. ಸಮಯ ನೋಡಿದರೆ ಹಳೆಯದಕ್ಕಿಂತ ಎರಡೇ ನಿಮಿಷ ಕಡಿಮೆ, ಅದೂ ತಳ್ಳುವುದು ತಪ್ಪಿದ್ದರಿಂದ. ಬರೀ ತುಳಿದ ದಾರಿಯ ವೇಗದಲ್ಲಿ ಹೇಳುವಂಥ ವ್ಯತ್ಯಾಸವೇ ಇಲ್ಲ. ಮರುದಿನ ಶಾಲೆಯಿಂದ ಫೋನ್ ಮಾಡಿ, ಮಹಡಿ ಮೆಟ್ಟಿಲು ಇಳಿದೆ, ಮಂಡಿ ಏನೂ ಅನ್ನಲಿಲ್ಲ ಅಂದರು. ತಿಂಗಳು ಕಳೆದರೂ ಅದೇ ಮಾತು.

ಪ್ರಕರಣ ಮುಗಿಯಿತು ಅಂದುಕೊಂಡಿದ್ದೆ. ಆಷಾಢ ಬಂತು.

ನಮ್ಮೂರ ಗಾಳಿ ಗೊತ್ತಿದ್ದದ್ದೇ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿದ್ದು ಸುಮ್ಮನೆ ಅಲ್ಲ. ಹೊಳಲ್ಕೆರೆ ಕಡೆಗೆ ಹೊರಟರೆ ಎದುರುಗಾಳಿ ಎದೆಗೇ ಬಡಿಯುತ್ತದೆ. ಮೇಷ್ಟ್ರು ಅಂಗಡಿಗೆ ಬಂದು, "17ಕ್ಕೂ 20ಕ್ಕೂ ನಡುವೆ ನನ್ನದೊಂದು ಗೇರು ಕಳೆದುಹೋಗಿದೆ ಕಣಪ್ಪ" ಅಂದರು. ನಿಜವೇ. ಹೊಸ ಕ್ಯಾಸೆಟ್ಟಿನ ಹಲ್ಲು 11, 13, 15, 17, 20, 23, 26, 30, 34. ಒಂಬತ್ತೇ ಮೆಟ್ಟಿಲಿನಲ್ಲಿ ಅಷ್ಟು ಎತ್ತರ ಹತ್ತಬೇಕಾದರೆ ಮೆಟ್ಟಿಲು ಎತ್ತರವಾಗಲೇಬೇಕು. ಹಳೆಯದರಲ್ಲಿ 19 ಇತ್ತು. ಮುಂದೆ 50 ಇಟ್ಟು ಗಂಟೆಗೆ 25 ಕಿ.ಮೀ. ಹೋಗುವಾಗ 19ರಲ್ಲಿ ಅವರ ಕಾಲು 75 ಸುತ್ತುತ್ತಿತ್ತು. ಈಗ 17ರಲ್ಲಿ 67ಕ್ಕೆ ಭಾರ, 20ರಲ್ಲಿ 79ಕ್ಕೆ ಓಟ. ಗಾಳಿ ಗಳಿಗೆಗೊಮ್ಮೆ ಏರಿಳಿಯುವಾಗ ಈ ಸಂದು ಕಾಲಿಗೆ ಚುಚ್ಚುತ್ತದೆ. ಕೊಡುವಾಗಲೇ ಈ ಮಾತು ಹೇಳಬೇಕಿತ್ತು, ಏರಿನ ಗುಂಗಿನಲ್ಲಿ ಹೇಳಲಿಲ್ಲ.

ನಾನು ಉತ್ತರ ಹುಡುಕುವ ಮೊದಲೇ ಅವರು ಜೇಬಿನಿಂದ ಚೀಟಿ ತೆಗೆದರು. "ಅವತ್ತು ಹಾಕಿ ಬಿಚ್ಚಿದೆಯಲ್ಲ, ಆ 32ರದ್ದು ಇದೆಯಾ?" ಇತ್ತು. ಅದರ ಹಲ್ಲು 11, 12, 14, 16, 18, 21, 24, 28, 32. 18ರಲ್ಲಿ 71 ಸುತ್ತು, ಅದು ಅವರಿಗೆ ಒಪ್ಪಿಗೆ. ಏರಿನಲ್ಲಿ 34ಕ್ಕೆ 32 ಆದರೆ ನಿಮಿಷಕ್ಕೆ 59. "ಮೂರು ಸುತ್ತು ತಾನೇ, ಗಾಳಿ ಕಾಲದಲ್ಲಿ ಅಷ್ಟು ಬಿಟ್ಟುಕೊಡಬಹುದು." ಉದ್ದ ಪಂಜರ ಬಂದಿದೆ, ಚೈನ್ 110 ಕೊಂಡಿ ಇದೆ, ಹಾಗಾಗಿ ಅವತ್ತು ಹ್ಯಾಂಗರ್ ಬಾಗಿಸಿದ ಅದೇ ಕ್ಯಾಸೆಟ್ ಈ ಸಲ ಬಿ-ಸ್ಕ್ರೂವನ್ನು ಒಂದಿಷ್ಟು ಸಡಿಲ ಮಾಡಿದ್ದಕ್ಕೇ ಒಂದು ಸದ್ದಿಲ್ಲದೆ ಕೂತಿತು.

ಈಗ ಅವರ ಹತ್ತಿರ ಲಾಕ್‌ರಿಂಗ್ ಬಿಚ್ಚುವ ಟೂಲು, ಬಿಚ್ಚುವಾಗ ಕ್ಯಾಸೆಟ್ ತಿರುಗದಂತೆ ಹಿಡಿಯುವ ಚೈನ್ ವಿಪ್ ಎರಡೂ ಇವೆ. ಜೋಗಿಮಟ್ಟಿಯ ಭಾನುವಾರಕ್ಕೆ 34, ಮಾರಿಕಣಿವೆ ಕಡೆಯ ಭಾನುವಾರಕ್ಕೆ 32. ಶನಿವಾರ ಸಂಜೆ ಮನೆಯ ಜಗಲಿಯಲ್ಲಿ ಕಾಲು ಗಂಟೆಯಲ್ಲಿ ತಾವೇ ಬದಲಾಯಿಸುತ್ತಾರೆ. ಹಳೆಯ 12-25 ನನ್ನ ಅಂಗಡಿಯ ಮೊಳೆಗೆ ನೇತು ಹಾಕಿದೆ. ಅಣ್ಣನ ಮಗ ದೀಪಾವಳಿಗೆ ಬರುತ್ತಾನಂತೆ, ಅವನನ್ನು ಜೋಗಿಮಟ್ಟಿಗೆ ಕರೆದುಕೊಂಡು ಹೋಗುವ ದಿನ ಅದು ಬೇಕಾಗುತ್ತದೆ, ಯಾರಿಗೂ ಮಾರಬೇಡ ಅಂತ ಹೇಳಿ ಹೋಗಿದ್ದಾರೆ.